ಪುಂಡಿಯ ವಾಸನೆ ಬಂದ ದಾರಿ

ಆ ದಿನ ನಾನು ಮಾಡಿದ ಕೆಲಸಗಳು ಇವು. ಕೋಳಿ ಕೂಗುವ ಮುಂಚೆ ಎದ್ದು ಅಂಗಳಕ್ಕೆ ಸೆಗಣಿ ನೀರು ಹೊಡೆದೆ. ಎಮ್ಮೆ ಹಿಂಡಿದೆ. ಮೊಸರು ಕಡೆದು ಬೆಣ್ಣೆ ತೆಗೆದೆ. ಹದಿನಾಲ್ಕು ರೊಟ್ಟಿ ಬಡಿದೆ, ಅದರಲ್ಲಿ ಎರಡು ಹರಿದವು. ಬಾವಿಗೆ ಹೋಗಿ ಒಳಗೆ ಇಳಿಯುವ ಪಾವಟಿಗೆ ಎಣಿಸಿದೆ, ನೀರಿನ ಮೇಲೆ ಆರು ಕಾಣುತ್ತಿದ್ದವು. ಉಳ್ಳಾಗಡ್ಡಿ ಮಡಿಯಲ್ಲಿ ಕಳೆ ಕಿತ್ತೆ. ಮಾವನವರ ಧೋತರ ತೊಳೆದು ಬೇಲಿಯ ಮೇಲೆ ಹಾಕಿದೆ. ಮಧ್ಯಾಹ್ನ ಹಳ್ಳಕ್ಕೆ ಹೋಗಿ ಒಡ್ಡಿನ ಗಂಡಿ ಬಿಚ್ಚಿದೆ. ಮನೆಗೆ ಬಂದು ಕೈಕಾಲು ತೊಳೆದುಕೊಂಡು ಮರುದಿನದ ಸಜ್ಜೆ ಹಸನು ಮಾಡಿದೆ.

ಒಂದನ್ನು ಬಿಟ್ಟರೆ ಉಳಿದವೆಲ್ಲ ದಿನಾ ಮಾಡುವ ಕೆಲಸಗಳೇ. ಆ ಒಂದರ ಸಂಗತಿ ಮೂರು ಜನರ ಹೊರತು ಯಾರಿಗೂ ಗೊತ್ತಾಗಲಿಲ್ಲ. ಆ ಮೂವರಲ್ಲಿ ಈಗ ಇರುವವರು ನಾನು ಮತ್ತು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ.

ನಮ್ಮ ಹೊಲಗಳು ಮುಧೋಳದಿಂದ ಬೀಳಗಿ ಕಡೆಗೆ ಹೋಗುವ ದಾರಿಯ ಬಲಕ್ಕೆ, ಒಂದು ಹಳ್ಳದ ದಂಡೆಯ ಮೇಲೆ ಇವೆ. ರಾಜರ ಸಂಸ್ಥಾನ ಹೋಗಿ ಮುಂಬೈ ಸರಕಾರದ ಕೆಳಗೆ ಬಂದು ನಾಲ್ಕೈದು ವರ್ಷ ಆಗಿದ್ದಿರಬೇಕು. ಆಗಲೇ ಅಣ್ಣ ತಮ್ಮಂದಿರು ಬೇರೆಯಾದರು. ಭಾವನವರಿಗೆ ಮೇಲಿನ ಹೊಲ ಹೋಯಿತು, ಅದರ ಜೊತೆಗೆ ಹಳ್ಳದ ಮಗ್ಗುಲಿಗೇ ಇದ್ದ ಹಿರಿಯರ ಕಾಲದ ಬಾವಿಯೂ ಹೋಯಿತು. ನಮಗೆ ಕೆಳಗಿನ ಹೊಲ. ಅದರಲ್ಲಿ ಬಾವಿ ಇರಲಿಲ್ಲ. ಹಾಗಾಗಿ ಮಾವನವರು ಮುಂದೆ ನಿಂತು, ಎರಡೂ ಹೊಲಗಳ ನಡುವಿನ ಬದುವಿನಿಂದ ಅರವತ್ತು ಹೆಜ್ಜೆ ಕೆಳಗೆ ನಮಗೊಂದು ಹೊಸ ಬಾವಿ ತೋಡಿಸಿದರು. ಕಲ್ಲು ಕಟ್ಟಿ ಪಾವಟಿಗೆ ಇಟ್ಟರು. ಎತ್ತು ಎಳೆದರೆ ತೊಗಲಿನ ಚೀಲದಲ್ಲಿ ನೀರು ಮೇಲೆ ಬರುತ್ತಿತ್ತು. ಆ ಬಾವಿಯ ನಂಬಿಕೆಯ ಮೇಲೆ ನಾನು ಉಳ್ಳಾಗಡ್ಡಿ ಹಚ್ಚಿದೆ. ಬೇರೆಯಾದ ಮೇಲೆ ನನ್ನದು ಅಂತ ನಾನು ಮಾಡಿದ ಮೊದಲ ಬೆಳೆ ಅದು. ಶಿವರಾತ್ರಿ ತನಕ ಅದಕ್ಕೆ ನೀರು ಸಿಕ್ಕರೆ ಸಾಕಿತ್ತು.

ಬಾವಿ ತೋಡುವಾಗ ಮೇಲೆ ಎರೆಮಣ್ಣು ಬಂತು, ಅದರ ಕೆಳಗೆ ಗರಸು, ಅದಕ್ಕೂ ಕೆಳಗೆ ಒಂದು ಪದರ ಬಿಳಿ ಉಸುಕು. ಆ ಉಸುಕಿನಲ್ಲಿ ಜೋಳದ ಕಾಳಿನಷ್ಟು ಸಣ್ಣ ಶಂಖದ ಹುಳುಗಳ ಚಿಪ್ಪು ಇದ್ದವು. ಮಾವನವರು ಉಸುಕನ್ನು ಅಂಗೈಯಲ್ಲಿ ತಿಕ್ಕಿ ನೋಡಿ, "ಇದು ಹಳ್ಳದ ಉಸುಕ. ಹಳ್ಳ ಒಂದ ಕಾಲಕ್ಕ ಇಲ್ಲೇ ಹರದೈತಿ" ಅಂದಿದ್ದರು. ನಾನು ಆ ಚಿಪ್ಪುಗಳನ್ನು ತೊಳೆದು ಡಬ್ಬಿಯಲ್ಲಿ ಹಾಕಿಟ್ಟುಕೊಂಡೆ. ನೋಡುವುದಕ್ಕೆ ಛಲೋ ಕಂಡಿದ್ದವು. ಅವರ ಮಾತನ್ನು ಮಾತ್ರ ಇಟ್ಟುಕೊಳ್ಳಲಿಲ್ಲ.

ಹೊಟ್ಟೆಕಿಚ್ಚು ಹುಟ್ಟಿದ್ದು ಬಾವಿಯಿಂದಲ್ಲ, ಒಡ್ಡಿನಿಂದ. ದೀಪಾವಳಿ ಮುಗಿದು ಹಳ್ಳದ ಹರಿವು ಸಣ್ಣದಾದಾಗ ಎರಡೂ ಮನೆಯವರು ಕೂಡಿ ಅಡ್ಡ ಒಡ್ಡು ಹಾಕುವುದು ಮೊದಲಿನಿಂದ ಬಂದದ್ದು. ಜಾಲಿಯ ಗೂಟ ಎರಡು ಸಾಲು, ನಡುವೆ ಕಲ್ಲು, ಕಬ್ಬಿನ ಒಣ ಎಲೆಯ ರವದಿ, ಮೇಲೆ ಮೆತ್ತಲು ಜೇಡಿಮಣ್ಣು. ನಡುವೆ ನೀರು ಬಿಡಲು ಒಂದು ಗಂಡಿ ಬಿಟ್ಟು ಅದನ್ನು ಕರಕಿ ಹುಲ್ಲು ಹಿಡಿದ ಮಣ್ಣಿನ ಹೆಂಟೆಯಿಂದ ಮುಚ್ಚುತ್ತಿದ್ದರು. ಮೂರು ದಿನ ನಾವೂ ದುಡಿಯುತ್ತಿದ್ದೆವು, ಅವರೂ ದುಡಿಯುತ್ತಿದ್ದರು. ಆದರೆ ಒಡ್ಡು ಇದ್ದದ್ದು ಬದುವಿನ ನೇರಕ್ಕೆ. ನೀರು ನಿಲ್ಲುತ್ತಿದ್ದದ್ದು ಅವರ ಹೊಲದ ಮುಂದೆ. ನಮ್ಮ ಹೊಲದ ಮುಂದೆ ಹಳ್ಳ ಅಂದರೆ ಬರೀ ಉಸುಕು, ಅದರ ನಡುವೆ ಒಂದು ಹಸಿ ಗೆರೆ.

ಅಲ್ಲಿ ನೆಗೆಣ್ಣಿಯ ಎಮ್ಮೆ ಕುತ್ತಿಗೆ ತನಕ ಕೂತಿರುತ್ತಿತ್ತು. ಅವಳ ಒಗೆಯುವ ಕಲ್ಲು ನೀರಿಗೆ ತಾಗಿಯೇ ಇತ್ತು. ರಬಕವಿಯಿಂದ ತರಿಸಿದ ಕೆಂಪು ಅಂಚಿನ ಸೀರೆಯನ್ನು ಅವಳು ತೊಳೆದು ಲಕ್ಕಿ ಗಿಡದ ಮೇಲೆ ಹರವಿದರೆ ಅದು ನಮ್ಮ ಹೊಲದಿಂದ ಕಾಣುತ್ತಿತ್ತು. ನಾನು ಬಟ್ಟೆಯ ಗಂಟು ಹೊತ್ತು ಬದು ದಾಟಿ ಅಲ್ಲಿಗೇ ಹೋಗಬೇಕಾಗುತ್ತಿತ್ತು. ಒಂದು ದಿನ ಹೋದಾಗ ಅವಳು ಜಾಗ ಬಿಟ್ಟುಕೊಟ್ಟು ಅಂದಳು:

"ಬಾ ತಂಗಿ, ಕುಂಡ್ರು. ನಮ್ಮ ನೀರಾಗ ತೊಳದ್ರ ನಿನ್ನ ಅರಬಿನೂ ಬೆಳ್ಳಗ ಆಗ್ತಾವ."

ಚೇಷ್ಟೆಗೆ ಅಂದಿದ್ದಳು. ಆದರೆ 'ನಮ್ಮ ನೀರು' ಅನ್ನುವ ಮಾತು ಕಲ್ಲಿನ ಮೇಲೆ ಬಟ್ಟೆ ಬಡಿದಷ್ಟೂ ನನ್ನ ಕಿವಿಯಲ್ಲಿ ಬಡಿಯಿತು. ಆ ಸಂಜೆ ನಮ್ಮ ಮನೆಯವರಿಗೆ ಹೇಳಿದೆ:

"ಬರೂ ವರ್ಷ ಒಡ್ಡ ನಮ್ಮ ಹೊಲದ ಮುಂದ ಹಾಕ್ಸರಿ. ಅರ್ಧಾ ದುಡಿಮಿ ನಮ್ದು, ನೀರೆಲ್ಲಾ ಅವರದು."

"ಅಪ್ಪ ಹಾಕಿದ ಜಾಗಾ ಅದು. ನಿನ್ನ ಬಾವ್ಯಾಗ ನೀರ ಐತಿಲ್ಲೋ?"

"ಐತಿ."

"ಮತ್ತ ಸುಮ್ಮನ ಮಲಕೊ."

ನಾನು ಸುಮ್ಮನೆ ಇರುವವಳಲ್ಲ. ಬೀಸುವ ಕಲ್ಲಿನ ಹಿಂದಿನ ಗೋಡೆಯ ಮೇಲೆ ಇದ್ದಿಲಿನಿಂದ ದಿನಾ ಎರಡು ಸಾಲು ಗೀಟು ಎಳೆಯುತ್ತಿದ್ದೆ. ಮೇಲಿನ ಸಾಲು ನಮ್ಮ ಬಾವಿಯಲ್ಲಿ ಕಾಣುವ ಪಾವಟಿಗೆ, ಕೆಳಗಿನದು ಅವಳ ಬಾವಿಯದು. ಪಾವಟಿಗೆ ಹೆಚ್ಚು ಕಂಡಷ್ಟೂ ನೀರು ಕಡಿಮೆ. ಅವಳದನ್ನು ಎಣಿಸುವುದಕ್ಕೆ ಹೆಪ್ಪು ಕೇಳುವ ನೆಪ ಇಟ್ಟುಕೊಂಡಿದ್ದೆ. ನಮ್ಮ ಮನೆಯಲ್ಲಿ ಎರಡು ಗಡಿಗೆ ಮೊಸರು ಇದ್ದಾಗಲೂ ಹೆಪ್ಪು ಕೇಳಿದ್ದುಂಟು. ಅವಳದು ನಾಲ್ಕು ಕಂಡರೆ ನಮ್ಮದು ಆರು. ಅವಳದು ಐದು ಆದ ದಿನ ನನಗೆ ರೊಟ್ಟಿ ರುಚಿ ಹತ್ತುತ್ತಿತ್ತು.

ದೀಪಾವಳಿಯ ಮರುತಿಂಗಳು ಬರುವ ಛಟ್ಟಿ ಅಮಾವಾಸ್ಯೆ ಆದ ಮೇಲೆ ಭಾವನವರು ಪುಂಡಿ ಕೊಯ್ದರು. ನಮ್ಮ ಕಡೆ ಪುಂಡಿಯ ಎಲೆ ಪಲ್ಯಕ್ಕೆ, ಕಟ್ಟಿಗೆ ನಾರಿಗೆ. ಕಟ್ಟಿಗೆಯ ಸೂಡು ಕಟ್ಟಿ ನೀರಿನಲ್ಲಿ ಹಾಕಿ ಮೇಲೆ ಕಲ್ಲು ಹೇರಿದರೆ ಅದು ಕೊಳೆತು ನಾರು ಬಿಡುತ್ತದೆ. ಆ ನಾರಿನಿಂದಲೇ ಬಾವಿಯ ಹಗ್ಗ ಹೊಸೆಯುವುದು. ಅವರು ಸೂಡುಗಳನ್ನು ಒಡ್ಡಿನ ನೀರಿನಲ್ಲಿ ಮುಳುಗಿಸಿದರು. ಪುಂಡಿ ಕೊಳೆಯುವ ವಾಸನೆ ಮೂಗಿಗೆ ಹತ್ತಿದರೆ ಎರಡು ದಿನ ಬಿಡುವುದಿಲ್ಲ. ಗಾಳಿ ಅತ್ತ ಕಡೆ ಬೀಸುತ್ತಿತ್ತು, ಅವಳೇ ಉಣ್ಣಲಿ ಅಂತ ನಾನು ಸಮಾಧಾನದಲ್ಲಿದ್ದೆ.

ಎಂಟು ಹತ್ತು ದಿನ ಕಳೆದ ಮೇಲೆ ಒಂದು ಮುಂಜಾನೆ ಕೊಡ ಇಳಿಸಿ ನೀರು ಬಾಯಿಗೆ ಹಾಕಿಕೊಂಡೆ. ಅದೇ ವಾಸನೆ. ಸಣ್ಣಗೆ, ಆದರೆ ಅದೇ. ಕೊಡವನ್ನು ಬೂದಿ ಹಚ್ಚಿ ತಿಕ್ಕಿ ಮತ್ತೆ ಇಳಿಸಿದೆ. ಮತ್ತೆ ಅದೇ. ಬಾವಿಯೊಳಗೆ ಇಣುಕಿದೆ, ಪಾವಟಿಗೆ ಇಳಿದು ನೋಡಿದೆ. ಒಂದು ಕಡ್ಡಿ ಕೂಡ ತೇಲುತ್ತಿರಲಿಲ್ಲ. ಅರವತ್ತು ಹೆಜ್ಜೆ ಆಚೆ ಇರುವ ಪುಂಡಿಯ ವಾಸನೆ ಕಲ್ಲು ಕಟ್ಟಿದ ಬಾವಿಗೆ ಹೇಗೆ ಬರಬೇಕು? ನನಗೆ ಹೊಳೆದದ್ದು ಒಂದೇ. ಅವಳು ನಾವಿಲ್ಲದ ಹೊತ್ತಿನಲ್ಲಿ ಬಂದು ಒಂದು ಕೊಡ ಕೊಳೆ ನೀರು ಸುರಿದು ಹೋಗಿದ್ದಾಳೆ. ನಮ್ಮ ಹೊಸ ಬಾವಿಯ ಕಟ್ಟೆಯನ್ನು ಅವಳು ಬಂದಾಗಲೆಲ್ಲ ಕೈಯಿಂದ ಸವರಿ ನೋಡುತ್ತಿದ್ದದ್ದು ನೆನಪಾಯಿತು. ಅವಳ ಬಾವಿಯ ಕಲ್ಲು ಸಡಿಲಾಗಿ ಬಿದ್ದುಹೋಗುತ್ತಿದ್ದವು.

ಮರುದಿನ ಜಮಖಂಡಿ ಸಂತೆ. ಭಾವನವರು, ಅವಳು, ನಮ್ಮ ಮನೆಯವರು ಒಂದೇ ಬಂಡಿಯಲ್ಲಿ ಹೋದರು. ಮಾವನವರು ಪಡಸಾಲೆಯಲ್ಲಿ ಮಲಗಿದ್ದರು. ನಾನು ಹಳ್ಳಕ್ಕೆ ಇಳಿದೆ.

ಒಡ್ಡು ಒಡೆಯುವುದು ಕಟ್ಟಿದಷ್ಟು ಕಷ್ಟದ್ದಲ್ಲ. ಗಂಡಿಗೆ ಮುಚ್ಚಿದ ಹೆಂಟೆ ಎತ್ತಿದೆ, ಕೈ ಹಾಕಿ ಜೇಡಿಮಣ್ಣು ಬಗೆದೆ, ರವದಿ ಜಗ್ಗಿದೆ. ಒಂದು ಕಲ್ಲು ಉರುಳುವಾಗ ಮುಂಗೈಗೆ ತಾಗಿ ಬಳೆ ಎರಡು ಒಡೆದವು. ಆಮೇಲೆ ನೀರೇ ಉಳಿದ ಕೆಲಸ ಮಾಡಿತು. ನನ್ನ ಕಾಲ ಸಂದಿಯಿಂದ ಹರಿದು ನಮ್ಮ ಹೊಲದ ಮುಂದಿನ ಉಸುಕಿನ ಮೇಲೆ ಹರವಿಕೊಂಡು ಹೋಯಿತು. ಅಷ್ಟು ಚಂದದ ನೀರನ್ನು ನಮ್ಮ ಹೊಲದ ಮುಂದೆ ನಾನು ಮಳೆಗಾಲದಲ್ಲೂ ಕಂಡಿರಲಿಲ್ಲ. ದಂಡೆಯ ಮೇಲೆ ಕೂತು ಬಹಳ ಹೊತ್ತು ನೋಡಿದೆ. ತಿರುಗಿ ನೋಡಿದರೆ ಅವಳ ಒಗೆಯುವ ಕಲ್ಲು ಕೆಸರಿನಲ್ಲಿ ನಿಂತಿತ್ತು, ಪುಂಡಿಯ ಸೂಡು ಸತ್ತ ದನದ ಹಾಗೆ ಮೇಲೆ ಬಿದ್ದಿದ್ದವು.

ಸಂಜೆ ಬಂಡಿ ಬಂತು. ಭಾವನವರು ಒಡ್ಡು ನೋಡಿ ಬಂದು, "ಏಡಿ ತೂತ ಹಾಕ್ಯಾವ" ಅಂದರು. ನಾನು ಸಂತೆಯ ಚುರುಮುರಿ ತಿನ್ನುತ್ತಿದ್ದೆ. ಹೌದೆಂದು ತಲೆ ಆಡಿಸಿದೆ.

ಮರುದಿನ ಮಧ್ಯಾಹ್ನದ ತನಕ ನಮ್ಮ ಮುಂದೆ ನೀರು ಹರಿಯಿತು. ಹೊಲದ ಮುಂದೆಯೇ ಒಂದು ಕಲ್ಲು ಹಾಕಿಕೊಂಡು ಮನೆಯ ಎಲ್ಲ ಬಟ್ಟೆ ಒಗೆದೆ, ಕೊಳೆಯಾಗದ್ದನ್ನೂ ಒಗೆದೆ. ಆಮೇಲೆ ಮತ್ತೆ ಆ ಹಸಿ ಗೆರೆಯೇ ಉಳಿಯಿತು. ಹೊಲದ ಕೆಲಸದ ನಡುವೆ ಗಂಡಸರಿಗೆ ಒಡ್ಡು ಮತ್ತೆ ಕಟ್ಟಲು ಬಿಡುವಾಗಲಿಲ್ಲ. ಇರಲಿ, ಈಗ ಅವಳಿಗೂ ಅಷ್ಟೇ ಅಂದುಕೊಂಡೆ. ನಾಲ್ಕೈದು ದಿನದಲ್ಲಿ ಬಾವಿಯ ವಾಸನೆ ಹೋಯಿತು. ಅವಳಿಗೆ ಅಂಜಿಕೆ ಹುಟ್ಟಿತು, ಇನ್ನು ಸುರಿಯುವುದಿಲ್ಲ ಅಂತ ನನಗೆ ಬಹಳ ಹುರುಪು ಬಂತು.

ಅದೇ ವಾರ ಗೋಡೆಯ ಮೇಲಿನ ಸಾಲಿನಲ್ಲಿ ಏಳನೆಯ ಗೀಟು ಎಳೆದೆ. ಎರಡು ದಿನ ಬಿಟ್ಟು ಎಂಟನೆಯದು. ಸಂಕ್ರಾಂತಿಗೆ ಹತ್ತು. ತೊಗಲಿನ ಚೀಲ ತಳಕ್ಕೆ ಬಡಿದು ಅರ್ಧ ಕೆಸರು ತರುತ್ತಿತ್ತು. ನಾಲ್ಕು ಮಡಿ ಹಾಯಿಸುವಷ್ಟರಲ್ಲಿ ಎತ್ತು ನಿಲ್ಲಿಸಿ ನೀರು ಊರುವುದನ್ನು ಕಾಯಬೇಕಾಗುತ್ತಿತ್ತು. ಉಳ್ಳಾಗಡ್ಡಿಯ ತುದಿ ಹಳದಿಗೆ ತಿರುಗಿತು. ಗಡ್ಡೆ ಇನ್ನೂ ಬೆಳ್ಳುಳ್ಳಿಯಷ್ಟೇ ಇತ್ತು. ಅವಳ ಬಾವಿಯಲ್ಲೂ ನೀರು ಇಳಿಯುತ್ತಿತ್ತು, ಆದರೆ ಅದು ಆಳದ್ದು, ನಿಧಾನಕ್ಕೆ ಇಳಿಯುತ್ತಿತ್ತು. ಇಳಿಯುವುದರಲ್ಲೂ ಅವಳೇ ಮೇಲು.

ಮಾವನವರು ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆ ತನಕ ಅವರ ಮನೆಯಲ್ಲಿ, ಮುಂದಿನ ತಿಂಗಳು ನಮ್ಮಲ್ಲಿ ಉಣ್ಣುತ್ತಿದ್ದರು. ಅದು ನಮ್ಮ ತಿಂಗಳು. ಒಂದು ದಿನ ಕೋಲೂರಿಕೊಂಡು ಬಾವಿಗೆ ಬಂದು ಒಂದು ತಂಬಿಗೆ ನೀರು ಕೇಳಿದರು. ಕುಡಿಯುವ ಮುಂಚೆ ಮೂಸಿದರು.

"ಪುಂಡಿ ವಾಸ್ನಿ ಹೋತಲ್ಲವಾ."

"ಹೋತ್ರಿ ಮಾವಾರ."

"ಯಾವಾಗ ಹೋತು?"

"ಒಡ್ಡ ಒಡದು ನಾಕೈದ ದಿನಕ್ಕ ಹೋತ್ರಿ."

"ನೀರು ಯಾವಾಗಿಂದ ಇಳ್ಯಾಕತ್ತು?"

ಗೋಡೆಯ ಗೀಟು ನನಗೆ ಬಾಯಿಪಾಠ ಇದ್ದವು. ಆದರೂ ನಾನು ಕೊಡದ ಹಗ್ಗ ಸುತ್ತತೊಡಗಿದೆ.

"ಅವಾಗಿಂದನ ಹೌದಿಲ್ಲೋ" ಅಂದರು ಅವರೇ. "ವಾಸ್ನಿ ಯಾವ ದಾರಿಲೇ ಬಂದಿತ್ತೋ ನೀರೂ ಅದ ದಾರಿಲೇ ಬರತಿತ್ತು. ಅಲ್ಲಿ ನಿಂತ ನೀರ ಉಸುಕಿನಾಗ ಇಳದು ಇಲ್ಲಿಗೆ ಬರತಿತ್ತು. ನಾ ಬಾವಿ ಇಲ್ಲೇ ತೋಡ್ರಿ ಅಂದದ್ದು ಅದಕ್ಕ. ಇಬ್ಬರಿಗೂ ಒಂದ ಒಡ್ಡ ಸಾಕಂತ."

ಅವರು ತಂಬಿಗೆ ಬೋರಲು ಹಾಕಿ ಹೋದರು. ನಾನು ಮನೆಗೆ ಬಂದು ಡಬ್ಬಿ ತೆಗೆದು ಆ ಬಿಳಿ ಚಿಪ್ಪುಗಳನ್ನು ನೋಡಿದೆ. ನನ್ನ ಬಾವಿಯ ತಳದಲ್ಲಿ ಸಿಕ್ಕ ಹಳ್ಳದ ಹುಳುಗಳು. ಅವಳು ಯಾವ ಕೊಡವನ್ನೂ ಸುರಿದಿರಲಿಲ್ಲ. 'ನಮ್ಮ ನೀರು' ಅಂತ ಅವಳು ಅಂದದ್ದು ನನ್ನ ನೀರೂ ಆಗಿತ್ತು, ಅದನ್ನು ನಾನೇ ಕೈಯಾರೆ ಹಳ್ಳಕ್ಕೆ ಬಿಟ್ಟಿದ್ದೆ. ಇಷ್ಟಾದರೂ, ಖರೆ ಹೇಳಬೇಕೆಂದರೆ, ನನಗೆ ಮೊದಲು ಬಂದದ್ದು ನಾಚಿಕೆಯಲ್ಲ. ಅಷ್ಟು ದಿನ ಅವಳು ಬಟ್ಟೆ ಒಗೆಯುತ್ತ ಕೂತೇ ನನ್ನ ಬಾವಿ ತುಂಬಿಸುತ್ತಿದ್ದಳಲ್ಲ ಅಂತ ಮತ್ತಷ್ಟು ಉರಿಯಿತು.

ಹಳ್ಳದಲ್ಲಿ ಇನ್ನೂ ದಾರದಷ್ಟು ಹರಿವಿತ್ತು. ಬೇಗ ಕಟ್ಟಿದರೆ ಮತ್ತೆ ನಿಲ್ಲುತ್ತಿತ್ತು. ಆದರೆ ಆ ಸಂಜೆ ಭಾವನವರು ನಮ್ಮ ಪಡಸಾಲೆಗೆ ಬಂದು ಬೇರೆಯೇ ಮಾತು ತೆಗೆದರು.

"ಆ ಜಾಗಾದಾಗ ಏಡಿ ಭಾಳ ಆಗ್ಯಾವ. ಮತ್ತ ಕಟ್ಟಿದ್ರ ಮತ್ತ ಒಡಿತೈತಿ. ಈ ಸಲ ಮ್ಯಾಲ ಬಂಡಿಗಲ್ಲಿನ ಹಂತೇಕ ಹಾಕೂಣು. ಗಟ್ಟಿ ಜಾಗಾ."

ಬಂಡಿಗಲ್ಲು ಅವರ ಹೊಲದ ಮೇಲ್ತುದಿಯಲ್ಲಿದೆ. ಅಲ್ಲಿಂದ ನಮ್ಮ ಬಾವಿ ಎಷ್ಟೋ ದೂರ, ನಡುವೆ ಬಂಡೆ. ಅಲ್ಲಿ ನಿಂತ ನೀರು ಇಲ್ಲಿಗೆ ಬರುವ ಮಾತೇ ಇಲ್ಲ. ನಮ್ಮ ಮನೆಯವರು ಅಣ್ಣನ ಮಾತಿಗೆ ಹೂಂ ಅಂದುಬಿಟ್ಟರು. ಒಡ್ಡು ಏಡಿಯಿಂದ ಒಡೆದದ್ದಲ್ಲ ಅಂತ ಯಾರಾದರೂ ಹೇಳದಿದ್ದರೆ ನನ್ನ ಉಳ್ಳಾಗಡ್ಡಿ ಮುಗಿಯಿತು. ಹೇಳಬಲ್ಲವಳು ನಾನೊಬ್ಬಳೇ.

ಮುಂಜಾನೆ ಅವಳ ಮನೆಗೆ ಹೋದೆ. ಅವಳು ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ತಲೆ ಎತ್ತದೆ, "ಹೆಪ್ಪ ಬೇಕೇನ?" ಅಂದಳು.

"ಬ್ಯಾಡ ಅಕ್ಕ. ಒಡ್ಡ ಏಡಿ ಒಡದದ್ದಲ್ಲ."

ಅವಳು ಕೈ ತೊಳೆದುಕೊಂಡು ಎದ್ದು ದೀಪದ ಗೂಡಿನಿಂದ ಏನೋ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಹಸಿರು ಬಳೆಯ ಚೂರು. ನಾಗರಪಂಚಮಿಗೆ ಇಬ್ಬರೂ ಒಂದೇ ಬಳೆಗಾರನ ಹತ್ತಿರ ಇಡಿಸಿಕೊಂಡ ಬಳೆ.

"ಸಂತಿಯಿಂದ ಬಂದ ಮರದಿನ ಕೆಸರಾಗ ಸಿಕ್ತು. ನನ್ನ ಕೈಯಾಗಿನೂ ಎಲ್ಲಾ ನೆಟ್ಟಗ ಇದ್ದೂ."

"ಮತ್ತ ಯಾಕ ಹೇಳ್ಲಿಲ್ಲ?"

ಅವಳು ಮತ್ತೆ ಹಿಟ್ಟಿಗೆ ಕೈ ಹಾಕಿದಳು.

"ನಿನ್ನ ಬಾವಿ ಇಳ್ಯೂದು ನೋಡಾಕ ಛಲೋ ಅನಸ್ತಿತ್ತು. ನೀ ನಮ್ಮ ಪಾವಟಿಗಿ ಎಣಸಾಕ ಬರ್ತಿದ್ದಿ. ನಾನೂ ಬಾವಿ ಕಟ್ಟಿ ಸವರೋ ನೆವದಾಗ ನಿಂದು ಎಣಸ್ತಿದ್ದೆ. ಹೊಸಾ ಕಲ್ಲು, ಹೊಸಾ ಗಾಲಿ. ನಾ ಬಂದು ಇಪ್ಪತ್ತ ವರ್ಷ ಆತು, ಆ ಬಿದ್ದ ಬಾವಿಗೆ ಒಂದ ಕಲ್ಲ ಇಟ್ಟಿಲ್ಲ ಯಾರೂ. ಒಡ್ಡ ಮ್ಯಾಲ ಹಾಕ್ರಿ ಅಂತ ಅವರ ಕಿವ್ಯಾಗ ಹಾಕಿದಾಕಿ ನಾನ."

"ಮ್ಯಾಲ ಹಾಕಿದ್ರ ನಿನ್ನ ಬಾವಿನೂ ಇಳಿತೈತಿ."

"ಗೊತ್ತೈತಿ ಬೇ. ನಿನ್ನಿಂದ ನಾಕ ದಿನ ತಡಾ ಮಾಡಿ ಇಳಿತೈತಿ, ಅಷ್ಟ ಸಾಕಾಗಿತ್ತು. ಈಗ ನೀನ ಬಂದ ಹೇಳಿದಿ."

ಅವಳು ರೊಟ್ಟಿ ಬಡಿದು ಕಾವಲಿಗೆ ಹಾಕಿದಳು. ರೊಟ್ಟಿ ಉಬ್ಬಿತು. ಅವಳ ರೊಟ್ಟಿ ಎಂದೂ ಹರಿಯುವುದಿಲ್ಲ.

ಅಷ್ಟರಲ್ಲಿ ಭಾವನವರು ಒಳಗೆ ಬಂದರು. ಅವಳು ಕಾವಲಿಯಿಂದ ಕಣ್ಣೆತ್ತದೆ, "ಇಲ್ಲಿ ಕೇಳ್ರಿ, ಒಡ್ಡ ಒಡದದ್ದು ಏಡಿ ಅಲ್ಲ, ನಮ್ಮ ಎಮ್ಮಿ. ಸಂತಿ ದಿನ ಕಣ್ಣಿ ಹರಕೊಂಡಿತ್ತು, ಗಂಡ್ಯಾಗ ಅದರ ಹೆಜ್ಜಿ ಮೂಡಿದ್ದೂ. ನೀವು ಬೈತೀರಂತ ನಾನ ಹೇಳಿಲ್ಲ. ಹಳೇ ಜಾಗಾದಾಗನ ಕಟ್ರಿ" ಅಂದಳು. ಭಾವನವರು ಎಮ್ಮೆಗೆ ಬೈಯುತ್ತ ಗುದ್ದಲಿ ಹುಡುಕಲು ಹೋದರು. ಇಷ್ಟು ಸರಾಗ ಸುಳ್ಳು ನನಗೆ ಸಾಯುವ ತನಕ ಬರುವುದಿಲ್ಲ. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಆ ದಿನವೇ ಎರಡೂ ಮನೆಯವರು ಹಳ್ಳಕ್ಕೆ ಇಳಿದೆವು. ಗಂಡಸರು ಕಲ್ಲು ಸೇರಿಸಿದರು, ನಾವಿಬ್ಬರೂ ಜೇಡಿಮಣ್ಣು ತುಳಿದೆವು. ಮಾವನವರು ದಂಡೆಯ ಮೇಲೆ ಕೂತು ಹೆಂಟೆ ಆರಿಸುತ್ತಿದ್ದರು. ಕೆಸರಿನಲ್ಲಿ ಇನ್ನೊಂದು ಹಸಿರು ಚೂರು ಅವರ ಕೈಗೆ ಸಿಕ್ಕಿತು. ಗಂಡಸರು ಕಲ್ಲು ತರಲು ಆಚೆ ಹೋದಾಗ ಅದನ್ನು ಬಿಸಿಲಿಗೆ ಹಿಡಿದು ನೋಡಿದರು.

"ಈ ಎಮ್ಮಿ ಬಳಿ ಇಡತಿತ್ತೇನವಾ?"

ನೆಗೆಣ್ಣಿ ಸೆರಗು ಬಾಯಿಗೆ ಹಿಡಿದಳು. ನಾನು ಮಣ್ಣು ತುಳಿಯುತ್ತಲೇ ಇದ್ದೆ. ಅವರು ಚೂರನ್ನು ಹೆಂಟೆಯೊಳಗೆ ಒತ್ತಿ ಗಂಡಿಯಲ್ಲಿ ಮುಚ್ಚಿದರು, ಮತ್ತೆ ಆ ಮಾತು ತೆಗೆಯಲಿಲ್ಲ.

ಆದರೆ ಎರಡು ಕಟ್ಟಳೆ ಹಾಕಿದರು. ಪುಂಡಿಯನ್ನು ಇನ್ನು ಒಡ್ಡಿನಲ್ಲಿ ಹಾಕಬಾರದು, ಎರಡೂ ಬಾವಿ ದಾಟಿ ಕೆಳಗೆ ಹಳ್ಳದ ಅಂಚಿನಲ್ಲಿ ಕುಣಿ ತೋಡಿ ಹಾಕಬೇಕು. ಎರಡನೆಯದು, ಒಡ್ಡಿನ ಕೆಳಗೆ ಉಸುಕಿನಲ್ಲಿ ಒಂದು ಸಣ್ಣ ಕುಣಿ ಬಗೆದಿಡಬೇಕು. ದಿನಾ ಮುಂಜಾನೆ ಅದರಲ್ಲಿ ಕೈ ಇಳಿಸಿ ನೋಡಬೇಕು. ಮೊಣಕೈ ತನಕ ಇಳಿಯುವುದರೊಳಗೆ ಬೆರಳಿಗೆ ನೀರು ಸಿಕ್ಕರೆ ಇಬ್ಬರೂ ಬೇಕಾದಷ್ಟು ಸೇದಬಹುದು. ಸಿಗದಿದ್ದರೆ ಒಂದು ದಿನ ಅವರು, ಒಂದು ದಿನ ನಾವು.

"ಯಾರ ಕೈರೀ ಮಾವಾರ?" ಅಂದಳು ನೆಗೆಣ್ಣಿ. ಅವಳ ಕೈ ನನ್ನದಕ್ಕಿಂತ ನಾಲ್ಕು ಬೆರಳು ಉದ್ದ.

"ಸಣ್ಣಾಕಿ ಕೈ. ಗಿಡ್ಡ ಕೈಗೆ ನೀರ ಲಗೂನ ತಪ್ಪತೈತಿ, ಲಗೂನ ಎಚ್ಚರಾಗತೈತಿ. ನೀ ಬಾಜೂಕ ನಿಂತ ನೋಡು."

ಹೀಗೆ ನನ್ನ ಕೈ ಎರಡು ಹೊಲಗಳ ಅಳತೆಯಾಯಿತು. ದಿನಾ ನಾನು ಉಸುಕಿನ ಮೇಲೆ ಬಗ್ಗಿ ಕೈ ಇಳಿಸುತ್ತಿದ್ದೆ, ಅವಳು ಪಕ್ಕದಲ್ಲಿ ನಿಂತು, ನಾನು ಭುಜ ಎತ್ತಿ, ನೀರು ಸಿಗಲಿಲ್ಲ ಅಂತ ಹೇಳಿ ಅವಳು ಸೇದುವುದನ್ನು ತಡೆಯುವ ಕಳ್ಳಾಟ ಆಡುತ್ತೇನೇನೋ ಅಂತ ಕಾಯುತ್ತಿದ್ದಳು. ಒಮ್ಮೆ ಎತ್ತಿದ್ದೂ ಉಂಟು. "ಹೆಗಲ ಇಳಸು" ಅಂದಳು, ಇಳಿಸಿದೆ. ಹತ್ತು ಹನ್ನೆರಡು ದಿನದಲ್ಲಿ ಹತ್ತನೆಯ ಪಾವಟಿಗೆ ಮುಳುಗಿತು, ಆಮೇಲೆ ಒಂಬತ್ತನೆಯದು. ಉಳ್ಳಾಗಡ್ಡಿ ಬಂತು, ಗಡ್ಡೆ ಸಣ್ಣ, ಖಾರ ಜಾಸ್ತಿ. ಅವಳ ಬದನೆ ನನ್ನ ಉಳ್ಳಾಗಡ್ಡಿಗಿಂತ ಛಲೋ ಬಂದಿತ್ತು. ಗೋಡೆಯ ಮೇಲೆ ಎರಡು ಸಾಲು ಎಳೆಯುವುದನ್ನು ನಾನು ಬಿಡಲಿಲ್ಲ. ಬಿಟ್ಟೆನೆಂದು ಬರೆದರೆ ಸುಳ್ಳಾಗುತ್ತದೆ.

ಒಡ್ಡು ಕಟ್ಟಿದ ಸಂಜೆ ಊಟ ಅವರ ಮನೆಯಲ್ಲಿ ಆಯಿತು. ನಮ್ಮ ಬಾವಿಯ ಕಾಲುವೆಯ ದಂಡೆಯಲ್ಲಿ ತಡವಾಗಿ ಚಿಗುರಿದ್ದ ಪುಂಡಿಯ ಎಲೆ ಕೊಯ್ದು, ಜೋಳದ ನುಚ್ಚು ಹಾಕಿ ನಾನು ಪಲ್ಯ ಮಾಡಿ ಒಯ್ದಿದ್ದೆ. ಅವಳದು ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಮಾವನವರು ಮೂರು ರೊಟ್ಟಿ ಉಂಡು, ರೊಟ್ಟಿ ಅಂದರೆ ಹಿಂಗಿರಬೇಕು ಅಂದರು. ಪಲ್ಯದ ಬಗ್ಗೆ ಏನೂ ಅನ್ನಲಿಲ್ಲ, ಆದರೆ ಎರಡು ಸಲ ಹಾಕಿಸಿಕೊಂಡರು. ನಾನದನ್ನು ಎಣಿಸಿಕೊಂಡೆ. ಗಂಡಸರು ಪಡಸಾಲೆಯಲ್ಲಿ ಒಡ್ಡಿನ ಮಾತು ಮುಂದುವರಿಸಿದರು. ನಾವಿಬ್ಬರೂ ಒಳಗೆ ಒಂದೇ ಕಂಬಳಿಯ ಮೇಲೆ ಅಡ್ಡಾದೆವು. ಮಣ್ಣು ತುಳಿದ ಕಾಲು ನೋಯುತ್ತಿದ್ದವು. ಏನೋ ಹೇಳಬೇಕೆಂದು ನಾನು ಆ ಕಡೆ ಹೊರಳುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.